ಹಾಳೆಯ ಮೂಲೆಯಲ್ಲಿ ಬರೆದ ‘ಕಾಯಂ’

ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅವಳು ಎಲ್ಲರಿಗೂ ಅಂಟಕ್ಕ. ಹತ್ತೊಂಬತ್ತು ವರ್ಷದಿಂದ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಬರೆಯುವುದು ಅವಳ ಕೆಲಸ. ಅಂಟೇನೋ ಗಟ್ಟಿ, ನೌಕರಿ ಮಾತ್ರ ಹಂಗಾಮಿ. ಕಾಯಂ ಮಾಡಿ ಎಂದು ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದದ್ದೇ ಬಂತು. “ಈ ಸಲ ಆಗದಿದ್ರೆ ತಿಂಗಳ ಕೊನೆಗೆ ಮನೆಗೆ” ಎಂದು ಗುಮಾಸ್ತ ಹೇಳಿಬಿಟ್ಟಿದ್ದ. ಹೇಳುವಾಗ ಹಲ್ಲು ಬೇರೆ ಕಿರಿದ, ಪುಣ್ಯಾತ್ಮ!

ಮನೆಯಲ್ಲಿ ನಾದಿನಿಯದು ಇನ್ನೊಂದು ರಗಳೆ. “ಅಲ್ಲ ಅತ್ತಿಗೆ, ಹುಲ್ಲು ಅಂಟಿಸೋರನ್ನ ಯಾರಾದ್ರೂ ಕಾಯಂ ಮಾಡ್ತಾರಾ?” ಅಂಟಕ್ಕನಿಗೂ ಅದೇ ಹೆದರಿಕೆ.

ಸಂದರ್ಶನದ ದಿನ ದೊಡ್ಡ ಸಾಹೇಬರು ರಸ್ತೆ ಬದಿಯಿಂದ ಕಿತ್ತು ತಂದ ಗಿಡವೊಂದನ್ನು ಮೇಜಿನ ಮೇಲಿಟ್ಟರು. “ಕಾಡು ಸೇವಂತಿಗೆ ತಾನೆ ಇದು?”

“ಅಲ್ಲ ಸಾರ್, ಗಾಯದ ಸೊಪ್ಪು. ಕಾಂಡ ನೆಲ ಹಿಡಿದು ಹರಿಯುತ್ತೆ. ಎಲೆ ಒರಟು. ಉದ್ದ ತೊಟ್ಟಿಗೆ ಒಂದೇ ಹೂವು, ನಡುವೆ ಹಳದಿ, ಸುತ್ತ ಐದು ಕೆನೆಬಣ್ಣದ ಎಸಳು. ಎಸಳಿನ ತುದಿಗೆ ಮೂರು ಹಲ್ಲು, ನೋಡಿ.”

ಸಾಹೇಬರು ಕನ್ನಡಕ ಏರಿಸಿ ಹಲ್ಲು ಎಣಿಸಿದರು. ಮೂರೇ. ಬೀರುವಿನಿಂದ ಅದೇ ಗಿಡದ ಹಾಳೆ ತರಿಸಿ ಅವಳ ಚೀಟಿ ಓದಿದರು: “ಮೂಲ, ಹೊರದೇಶ. ಸ್ಥಿತಿ, ಕಾಯಂ.” ಹೊಟ್ಟೆ ಕುಣಿಯುವಂತೆ ನಕ್ಕರು.

“ಏನಮ್ಮಾ ಇದು? ‘ದೇಶೀಕೃತ’ ಅಂತ ಬರೀಬೇಕಲ್ವಾ?”

“ಆ ಪದಕ್ಕೆ ನನ್ನ ನಾಲಿಗೆ ಹೊರಳಲ್ಲ ಸಾರ್. ಎಲ್ಲಿಂದಲೋ ಬಂತು. ಯಾರೂ ನೆಡಲಿಲ್ಲ, ನೀರು ಹಾಕಲಿಲ್ಲ. ತಾನೇ ಬೀಜ ಹಾಕ್ಕೊಂಡು ಇಲ್ಲಿಯದೇ ಆಗೋಯ್ತು. ಇನ್ನೇನು ಬರೀಲಿ?”

“ಸರಿ, ಇದನ್ನ ಕಾಯಂ ಮಾಡಿದ್ದು ಯಾರು?”

“ಯಾರೂ ಇಲ್ಲ. ಹೂವಿಗೆ ಆದೇಶ ಬೇಡ ಸಾರ್.” ಅವಳು ಹಾಳೆಯ ಅಂಚು ಸರಿಮಾಡಿದಳು. “ಬೇಕಾಗಿರೋದು ನನಗೇ.”

ಸಾಹೇಬರ ನಗು ನಿಂತಿತು. ಚೀಟಿಯನ್ನು ಅವರು ತಿದ್ದಲಿಲ್ಲ.

ಇಪ್ಪತ್ತೆಂಟನೇ ತಾರೀಖು ಲಕೋಟೆ ಬಂತು. ಅಂಟಕ್ಕ ಬಾಗಿಲಲ್ಲೇ ಒಡೆದು ಓದತೊಡಗಿದಳು. ‘ಕಾಯಂ’ ಎಂಬ ಆ ಒಂದು ಪದ ಬಂದಾಗ ಅಕ್ಷರಗಳು ಮಸುಕಾದವು, ಅಳು ತಡೆಯಲಾಗಲಿಲ್ಲ. ನಾದಿನಿ ಕಾಗದ ಕಸಿದುಕೊಂಡು ಮಿಕ್ಕದ್ದನ್ನು ಇಡೀ ಬೀದಿಗೆ ಕೇಳುವಂತೆ ಓದಿದಳು.