ಅಕ್ಕಿಕಾಳಿಗೆ ಮುಟ್ಟದ ಸೋದರಮಾವ

ಮೊದಲು ಅಲುಗಿದ್ದು ಎಡಗೈ ಹೆಬ್ಬೆರಳು. ಮೂಡಲಗಿಯಿಂದ ಬಂದಿಳಿದು ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದೆ. ಬೇಡವೆಂದರೂ ಅದು ಕುಣಿಯಿತು.

ಹುಕ್ಕೇರಿಯಲ್ಲಿ ಅಕ್ಕನ ಮಗಳ ಮದುವೆ. ಅಕ್ಷತೆಯ ಅಕ್ಕಿಕಾಳು ಬೀಳುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ಅವಳಿಗಿರುವ ಮಾವ ನಾನೊಬ್ಬನೇ. ಬಸ್ಸು ಕೆಟ್ಟರೆ, ಬೀಗರು ಮುನಿದರೆ, ಹೊಸ ಚಪ್ಪಲಿ ಕಳುವಾದರೆ ಎಂದು ವಾರದಿಂದ ನಿದ್ದೆಗೆಟ್ಟಿದ್ದೆ. ಸ್ವಂತ ತಲೆಯೇ ಕೈಕೊಡಬಹುದೆಂದು ಚಿಂತಿಸುವುದೊಂದು ಉಳಿದುಹೋಗಿತ್ತು.

ಬಿದ್ದೆ.

ಮುಂದಿನದು ಕಂಡವರು ಹೇಳಿದ್ದು. ಕಟ್ಟೆಯ ಅಂಚಿಗೆ ತಲೆ ಒಡೆಯಿತು. ಕೈಕಾಲು ನೆಲಕ್ಕೆ ಬಡಿದುಕೊಂಡವು. ನಾಲಿಗೆ ಹಲ್ಲಿಗೆ ಸಿಕ್ಕಿ ಹರಿಯಿತು. ಒಬ್ಬ ಕುಡುಕನೆಂದು ಒದ್ದ. ಇನ್ನೊಬ್ಬ ಪುಣ್ಯಾತ್ಮ ಮುಷ್ಟಿಗೆ ಕಬ್ಬಿಣದ ಕೀಲಿ ತುರುಕಿದ. ಅದು ಅಂಗೈ ಕೊರೆಯಿತು. ಮತ್ತೊಬ್ಬ ಚಮಚದಿಂದ ಬಾಯಿ ಬಿಡಿಸಲು ಹೋಗಿ ಎರಡು ಹಲ್ಲು ಮುರಿದ. ಮೋಟಾರು ರಿವೈಂಡಿಂಗ್ ನನ್ನ ಕಸುಬು. ಸುಟ್ಟ ಮೋಟಾರನ್ನೂ ನಾನು ಇಷ್ಟು ಒರಟಾಗಿ ಬಿಚ್ಚಿದವನಲ್ಲ.

ಗೋಕಾಕದ ಆಸ್ಪತ್ರೆಯಲ್ಲಿ ಎಚ್ಚರಾದಾಗ ಮಧ್ಯಾಹ್ನ. ಅಕ್ಕಿಕಾಳು ಮುಗಿದಿತ್ತು. ನನ್ನ ಜಾಗದಲ್ಲಿ ಅಕ್ಕನ ಬಾಜೂ ಮನೆಯವನು ನಿಂತಿದ್ದನಂತೆ.

ನನ್ನ ಮೊಬೈಲಿನಿಂದ ಯಾರೋ ಅಕ್ಕನಿಗೆ, "ನಿಮ್ಮ ತಮ್ಮ ಕುಡದು ಬಿದ್ದಾನ್ರಿ" ಎಂದಿದ್ದರು. ಮದುವೆಯ ಸೀರೆಯಲ್ಲೇ ನುಗ್ಗಿದವಳು ಕಪಾಳಕ್ಕೆ ಬಾರಿಸಿದಳು.

"ಇವತ್ತಾರ ಕುಡೀದ ಇರಾಕ ಆಗಲಿಲ್ಲೇನೋ ಭಾಡ್ಯಾ? ಪೋರಿ ತಿರುಗಿ ತಿರುಗಿ ನೋಡಾಕತ್ತಿತ್ತು, ಮಾವ ಎಲ್ಲಿ ಅಂತ."

"ಚಾ ಸೈತ ಕುಡದಿಲ್ಲಬೇ," ಎಂದೆ. ಹರಿದ ನಾಲಿಗೆಯಿಂದ ಅದು ಪಕ್ಕಾ ಕುಡುಕನ ಮಾತಾಗಿಯೇ ಹೊರಟಿತು.

ಕೊರಳಪಟ್ಟಿ ಹಿಡಿದು ಜಗ್ಗಿದಳು. ಸಲೈನಿನ ಸೂಜಿ ಕಿತ್ತು ರಕ್ತ ಅವಳ ಸೆರಗಿಗೆ ಸಿಡಿಯಿತು.

ಡಾಕ್ಟರು ನಡುವೆ ಬಂದರು. "ಬಿಡ್ರಿ ಅವರನ್ನ. ಕುಡದಿಲ್ಲ, ಫಿಟ್ಸ್ ಬಂದೈತಿ. ಎಂಆರ್‌ಐ ಮಾಡಸಬೇಕು. ಬಿಡದ ಬಂದಿದ್ರ ಜೀವಾನ ಹೋಗ್ತಿತ್ತು."

ಅಕ್ಕ ಸೂಜಿ ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಎಲುಬು ನೊಂದಿತು.

"ಹೋಗಬೇ," ಎಂದೆ. "ಹುಡುಗಿನ ಒಪ್ಪಸೋ ಹೊತ್ತಾತು."

"ಅವರಪ್ಪ ಅದಾನಲ್ಲ, ಒಪ್ಪಸ್ತಾನ."

"ತಾಯಿ ಇಲ್ಲಂದ್ರ ಮಂದಿ ಏನಂತಾರ?"

"ಸುಮ್ನ ಬೀಳು. ಇನ್ನೊಂದು ಕೊಡ್ತೇನಿ ನೋಡು."

ಈಗ ಎರಡು ಹೊತ್ತು ಗುಳಿಗೆ. ಫಿಟ್ಸ್ ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿಲ್ಲ, ಬರುತ್ತದೆಂದೂ ಹೇಳಿಲ್ಲ. ನನ್ನಂಥವನಿಗೆ ಚಿಂತಿಸಲು ಅಷ್ಟು ಸಾಕು. ಆದರೆ ಆ ಸಂಜೆ, ಹುಕ್ಕೇರಿಯಲ್ಲಿ ಹುಡುಗಿ ತಾಯಿಯಿಲ್ಲದೆ ಗಂಡನ ಮನೆಗೆ ಹೊರಟ ಹೊತ್ತಿನಲ್ಲಿ, ಅಕ್ಕನ ಒಂದು ಕೈ ನನ್ನ ಗಾಯದ ಮೇಲಿತ್ತು. ಇನ್ನೊಂದು ಇನ್ನೂ ಕೊರಳಪಟ್ಟಿ ಬಿಟ್ಟಿರಲಿಲ್ಲ.