ಆಯಿಯ ಕಡಕ್ ರೊಟ್ಟಿ ಮತ್ತು ನಮ್ಮ ನಾಯಿಯ ಶಿಸ್ತು

ಶಿಸ್ತು ಎಂಬುದು ಕೋಲಿನ ತುದಿಯಲ್ಲಿ ನೆಲೆಸಿರುತ್ತದೆಂದು ಮಾನವ ಕುಲ ಬಹುಕಾಲದಿಂದ ನಂಬಿಕೊಂಡು ಬಂದಿದೆ. ನಮ್ಮ ಮನೆಯಲ್ಲಿ ಆ ತುದಿಯನ್ನು ನಾಯಿ ಕಡಿದು ತಿಂದಿತು.

ಮೊನ್ನೆ ಸೇಡಂನ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದವರು ಕಡಕ್ ರೊಟ್ಟಿ ಮುರಿದರು. ಕಟ್ ಎಂದಿತು. ನಾನು ಬಗ್ಗಿ ಮೇಜಿನ ಕೆಳಗೆ ನಾಯಿಯನ್ನು ಹುಡುಕಿದೆ. ಅವರು ತಮ್ಮ ಚಪ್ಪಲಿಯನ್ನು ಹತ್ತಿರ ಎಳೆದುಕೊಂಡರು. ನನಗೆ ನೆನಪಾದದ್ದು ಎದುರು ಮನೆಯ ಆಯಿ ಎಂದು ಅವರಿಗೆ ಹೇಳುವುದಾದರೂ ಹೇಗೆ...

ಶಹಾಬಾದಿನ ನಮ್ಮ ಓಣಿಯಲ್ಲಿ ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದ ಆ ಅಜ್ಜಿ ಜೋಳದ ರೊಟ್ಟಿ ಬಡಿದು, ಗರಿಗರಿಯಾಗಿ ಒಣಗಿಸಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ನಾನು ಶಾಲಾ ಮಾಸ್ತರ. ತರಗತಿಯಲ್ಲಿ ಕೋಲು ಹಿಡಿಯುವುದನ್ನು ಸರ್ಕಾರ ಬಿಡಿಸಿದ ಮೇಲೆ, ಹಳೆಯ ಪದ್ಧತಿಯಲ್ಲಿ ಕಲಿಸಲು ನನಗೆ ಉಳಿದಿದ್ದ ವಿದ್ಯಾರ್ಥಿ ಮನೆಯ ನಾಯಿಯೊಂದೇ.

ಆ ನಾಯಿಗೆ ಗಾಡಿ ಕಂಡರಾಗದು. ಒಂದು ಬೆಳಿಗ್ಗೆ ಹಾಲಿನವನ ಮೋಟಾರ್‌ಸೈಕಲ್ ಬೆನ್ನಟ್ಟಿ, ಅವನನ್ನು ಕ್ಯಾನಿನ ಸಮೇತ ಓಣಿಗೆ ಹಾಸಿದ ಫರ್ಸಿ ಕಲ್ಲಿನ ಮೇಲೆ ಬೀಳಿಸಿತು. ಅವನ ಮೊಣಕಾಲು ತರಚಿತು. ಓಣಿಯ ಹಿರಿಯರು ಕಟ್ಟೆಯ ಮೇಲೆ ಸೇರಿ, ಚಹಾ ಕುಡಿದು, ತೀರ್ಪು ಕೊಟ್ಟರು: ತಿಂಗಳೊಳಗೆ ನಾಯಿ ಸುಧಾರಿಸಬೇಕು, ಇಲ್ಲವಾದರೆ ಚಿಮ್ಮನಚೋಡದ ನನ್ನ ಭಾವನ ಹೊಲದಲ್ಲಿ ಸರಪಳಿ ಕಟ್ಟಿಸಿಕೊಂಡು ಇರಬೇಕು.

“ನಾಯಿ ಹ್ವಾದ್ರ ನಾನೂ ತೆಂಗಳಿಗಿ ಹೋಗ್ತೀನಿ,” ಎಂದಳು ಹೆಂಡತಿ. ತೆಂಗಳಿ ಅವಳ ತವರು.

ನಾನು ಹೊಸ ಕೋಲು ತಂದೆ. ಗಾಡಿ ಬಂದಾಗಲೆಲ್ಲ ಬಾರಿಸಿದೆ. ವಾರದೊಳಗೆ ನಾಯಿ ಗಾಡಿಯ ಜೊತೆಗೆ ನನ್ನನ್ನೂ ನೋಡಿ ಗುರುಗುಟ್ಟತೊಡಗಿತು.

ಆಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಮಾಸ್ತರ, ಏನ್ ಮಾಡಾಕತ್ತೀರಿ?”

“ಶಿಸ್ತು ಕಲಸಾಕತ್ತೀನಿ, ಆಯಿ.”

“ಗಾಡಿ ಬಂದಾಗೊಮ್ಮಿ ಬೆನ್ನ ಮ್ಯಾಲ ಏಟು ಬಿದ್ರ, ಅದಕ್ಕ ಗಾಡಿ ಮ್ಯಾಲ ಮತ್ತಷ್ಟು ಸಿಟ್ಟು ಬರಂಗಿಲ್ಲೇನ್ರಿ? ನಿಮಗ ಕಲಸಿದ ಮಾಸ್ತರ ಯಾರ್ರಿ?”

ಅವಳು ಒಡಕು ರೊಟ್ಟಿಗಳ ಡಬ್ಬಿ ತಂದು ಪಾಠ ಹೇಳಿದಳು. ಗಾಡಿ ಇನ್ನೂ ದೂರದಲ್ಲಿರುವಾಗ, ನಾಯಿ ಅದನ್ನು ಕಂಡೂ ಸುಮ್ಮನಿದ್ದ ಗಳಿಗೆಯಲ್ಲೇ ರೊಟ್ಟಿ ಮುರಿಯಬೇಕು. ಕಟ್ ಎಂದೊಡನೆ ಚೂರು ಬಾಯಿಗೆ. ಆ ಸಪ್ಪಳವೇ ಶಾಭಾಸ್. ಬೊಗಳಿದರೆ ಬೈಗುಳವಿಲ್ಲ, ರೊಟ್ಟಿಯೂ ಇಲ್ಲ. ಇನ್ನಷ್ಟು ದೂರ ಸರಿದು ಮತ್ತೆ ಶುರು.

“ಇದು ಲಂಚ ಅಲ್ಲೇನು, ಆಯಿ?”

“ಲಂಚ ಕೆಲಸಕ್ಕಿಂತ ಮೊದಲ ಕೊಡ್ತಾರ್ರಿ. ಇದು ಕೆಲಸ ಆದ ಮ್ಯಾಲ ಕೊಡೋ ಪಗಾರ.”

ಒಪ್ಪಿದೆ. ಆದರೆ ಗಟ್ಟಿ ರೊಟ್ಟಿ ಪ್ರಾಣಿಯ ಹಲ್ಲಿಗೆ ಕಷ್ಟವೆಂದು ದಯೆ ತೋರಿ, ಹಾಲಿನಲ್ಲಿ ನೆನೆಸಿ ಕೊಟ್ಟೆ. ಎರಡು ದಿನ ನಾಯಿ ಏನೂ ಕಲಿಯಲಿಲ್ಲ, ತೂಕ ಮಾತ್ರ ಹೆಚ್ಚಿತು. ಆಯಿ ಹಣೆ ಬಡಿದುಕೊಂಡಳು. “ಸಪ್ಪಳಾನೇ ಇಲ್ದ ಅದಕ್ಕ ಶಾಭಾಸ್ ಹ್ಯಾಂಗ ಗೊತ್ತಾಗಬೇಕ್ರಿ? ಭಾಳ ಶ್ಯಾಣ್ಯಾ ಇದ್ದೀರಿ ನೀವು!”

ಮತ್ತೆ ಒಣ ರೊಟ್ಟಿ ಹಿಡಿದೆ. ದಿನಕ್ಕೆ ನಾಲ್ಕು ಹೆಜ್ಜೆ ರಸ್ತೆಗೆ ಹತ್ತಿರವಾದೆವು...

ಗಡುವಿನ ದಿನ ಹಿರಿಯರು ಕಟ್ಟೆಯ ಮೇಲಿದ್ದರು. ಹಾಲಿನವನು, ಒಂದು ಕಾಲನ್ನು ನೆಲಕ್ಕೂರಲು ಸಿದ್ಧವಾಗಿಟ್ಟುಕೊಂಡೇ, ಗಾಡಿ ಓಡಿಸಿಕೊಂಡು ಬಂದ. ನಾಯಿ ನಡುಗಿತು. ಗಾಡಿಯನ್ನು ನೋಡಿತು. ತಿರುಗಿ ನನ್ನನ್ನು ನೋಡಿತು. ಅದೇ ಗಳಿಗೆ! ರೊಟ್ಟಿ ಮುರಿಯಹೋದೆ. ಮಳೆಯ ಥಂಡಿಗೆ ಅದು ಮೆತ್ತಗಾಗಿ ಸುಮ್ಮನೆ ಬಾಗಿತು. ನಾಯಿ ಮತ್ತೆ ಗಾಡಿಯತ್ತ ಕತ್ತು ಹೊರಳಿಸಿತು.

ಎದುರಿನ ಹೊಸ್ತಿಲಿನಿಂದ ಕಟ್ ಎಂದಿತು. ಆಯಿ ಒಲೆಯ ಪಕ್ಕದಲ್ಲಿ ಗರಿಗರಿಯಾಗೇ ಉಳಿದಿದ್ದ ರೊಟ್ಟಿಯನ್ನು ಮುರಿದು ಹಿಡಿದಿದ್ದಳು. ನಾಯಿ ಓಡಿದ್ದು ಅವಳ ಕಡೆಗೆ. ಗಾಡಿ ದಾಟಿಹೋಯಿತು.

“ಏನ್ ಜಾದೂ ಮಾಡೀರಿ, ಮಾಸ್ತರ?” ಎಂದು ಹಾಲಿನವ ಕೂಗಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಆಯಿ ಹಿಟ್ಟಿಗೆ ಮರಳಿದಳು.

ಆಯಿ ತೀರಿಹೋಗಿ ಎರಡು ವರ್ಷವಾಯಿತು. ಎದುರು ಮನೆಗೆ ಬೀಗವಿದೆ. ಬೆಳಗಿನ ಹೊತ್ತು ಓಣಿ ಬರಿದೆನಿಸುತ್ತದೆ. ಅವಳಿಗೊಂದು ಒಳ್ಳೆಯ ಮಾತು ಹೇಳಿದ ನೆನಪು ನನಗಿಲ್ಲ... ಈಗ ನಾಯಿಮರಿ ತಂದವರು ನನ್ನನ್ನು ಕೇಳಲು ಬರುತ್ತಾರೆ. ಅವಳು ಹೇಳಿದ್ದನ್ನೇ ಹೇಳುತ್ತೇನೆ, ಅವಳದೆಂದೂ ಹೇಳುತ್ತೇನೆ. ಓಣಿಯಲ್ಲಿ ನಾಯಿಗೆ ಕೋಲು ಎತ್ತುವವರು ಕಡಿಮೆಯಾಗಿದ್ದಾರೆ.

ನಮ್ಮ ನಾಯಿಗೆ ಈಗ ಒಂಬತ್ತು ವರ್ಷ. ಆ ದಿನದ ನಂತರ ಅದು ಯಾವ ಗಾಡಿಯನ್ನೂ ಬೆನ್ನಟ್ಟಿಲ್ಲ.