ಕಾಕು ಘಾಟಿ ಹತ್ತಿಸಿದರು

ಪ್ರತಿ ತಿರುವಿನಲ್ಲೂ ಕಾಕಾ ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದುದು ಹಿಂದಿನ ಸೀಟಿನಲ್ಲಿದ್ದ ನನಗೆ ಕಾಣುತ್ತಿತ್ತು. ಕಾರು ಸಿಂಹಗಡ ಕೋಟೆಯ ಘಾಟಿ ಹತ್ತುತ್ತಿತ್ತು, ಓಡಿಸುತ್ತಿದ್ದವರು ಕಾಕು, ನನ್ನ ಚಿಕ್ಕಮ್ಮ. ನಿವೃತ್ತರಾದ ಮೇಲೆ ಡ್ರೈವಿಂಗ್ ಕಲಿತವರು. ಗಂಡ ಹೆಂಡತಿ ಇಬ್ಬರೂ ಧಾರವಾಡದಿಂದ ಹೊರಟು, ಕೊಲ್ಹಾಪುರದ ನೆಂಟರನ್ನು ನೋಡಿಕೊಂಡು ಪುಣೆಯ ನಮ್ಮ ಮನೆಗೆ ಬಂದಿದ್ದರು. ದಾರಿಯ ಘಾಟಿಗಳಲ್ಲೆಲ್ಲ ಸ್ಟೀರಿಂಗ್ ಕಾಕಾ ಅವರ ಕೈಗೆ ಹೋಗಿತ್ತು. ಇದೊಂದನ್ನಾದರೂ ತಾವೇ ಹತ್ತಿಸಬೇಕೆಂಬುದು ಕಾಕು ಅವರ ಹಟ.

“ಬಾಡಿಗಿ ಜೀಪ್ ಮಾಡೂಣು ಅಂದೆ, ಕೇಳಲಿಲ್ಲ ನೀ,” ಎಂದು ಕಾಕಾ ಗೊಣಗಿದರು.

“ಕಣ್ಣು ಮುಚ್ಚಿ ಕೂಡ್ರಿ. ಮೂವತ್ತು ವರ್ಷ ನಿಮ್ಮ ಸ್ಕೂಟರ್ ಹಿಂದ ನಾ ಹಂಗ ಕೂತೀನಿ.”

ಕಡಿದಾದ ತಿರುವಿನಲ್ಲಿ ಮುಂದಿನ ಜೀಪು ಥಟ್ಟನೆ ನಿಂತಿತು. ನಮ್ಮ ಕಾರೂ ನಿಂತು, ಒಂದು ಮೊಳ ಹಿಂದಕ್ಕೆ ಜಾರಿತು. ಕಾಕು ಹ್ಯಾಂಡ್‌ಬ್ರೇಕ್ ಎಳೆದು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಕ್ಲಚ್ ಬಿಟ್ಟರು. ಕಾರು ಮುಂದೆ ಹೋಯಿತು.

ಗಡದ ಮೇಲೆ ಕುಡಿಕೆ ಮೊಸರು ಮಾರುತ್ತಿದ್ದ ಹೆಂಗಸಿಗೆ ಕಾಕಾ ತಮ್ಮ ಹರಕು ಮರಾಠಿಯಲ್ಲಿ, “ಬಾಯಕೋನ್ ಗಾಡಿ ಆಣಲಿ!” ಎಂದರು. ಹೆಂಡತಿಯೇ ಗಾಡಿ ತಂದಳು ಎಂದು. ಪಕ್ಕದ ಅಂಗಡಿಯಲ್ಲೂ ಹೇಳಿದರು. ಕೇಳದವರಿಗೂ ಹೇಳಿದರು.

“ಸಾಕ್ರೀ, ಮೊಸರು ತಿನ್ರಿ,” ಎಂದ ಕಾಕು, ನಗು ಕಾಣಬಾರದೆಂದು ಕಣಿವೆಯ ಕಡೆ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಅವರು ನಾಸಿಕದ ಮಗಳ ಮನೆಗೆ ಹೊರಟರು. ಯಾರ ಜೊತೆಗೂ ಸುಲಭವಾಗಿ ಹೊರಡದ ನಾನು ಕಚೇರಿಗೆ ಎರಡು ದಿನ ರಜೆ ಹಾಕಿ, ಅವರಿಗಿಂತ ಮೊದಲೇ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ.